ಮರಿಸಿದ್ದಯ್ಯ ಮೇಷ್ಟ್ರ ಮೂರನೇ ಸಾಲು

ನನಗೆ ಗೊತ್ತಿರುವ ಮಟ್ಟಿಗೆ ಮರಿಸಿದ್ದಯ್ಯ ಮೇಷ್ಟ್ರು ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಒಂದೇ ಮಾತಿನದು: ‘ಅವನಲ್ಲ.’ ಆ ಸುಳ್ಳು ಒಂಬತ್ತು ವರ್ಷ ಬದುಕಿತು. ಒಬ್ಬ ಹೆಂಗಸನ್ನು ಊರೂರು ಅಲೆಸಿತು, ಒಬ್ಬ ಸತ್ತವನನ್ನು ಬೀದಿಯಲ್ಲಿ ನಿಲ್ಲಿಸಿತು. ನಮ್ಮ ಊರ ಕಡೆ ಅದನ್ನು ಮೊದಲು ಕೇಳಿಸಿಕೊಂಡವಳು ನಾನು. ಕೇಳಿಸಿಕೊಂಡು, ನಂಬಿ, ಮಧ್ಯಾಹ್ನದ ಬುತ್ತಿ ಬಿಚ್ಚಿದವಳೂ ನಾನೇ.

ನಾನು ಶಶಿರೇಖಾ. ಮದ್ದೂರಿನವಳು. ಪೂರಿಗಾಲಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ನನ್ನ ಬಾಯಿ ಜೋರು. ಇದು ಹೆಡ್ ಮಾಸ್ಟರಿಗೂ ಗೊತ್ತು, ಮಳವಳ್ಳಿ ಬಸ್ಸಿನ ಕಂಡಕ್ಟರಿಗೂ ಗೊತ್ತು. ಮೇಷ್ಟ್ರು ಅದೇ ಶಾಲೆಯಲ್ಲಿ ಇಂಗ್ಲಿಷ್ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಎದುರುಬದುರು. ಅವರು ಮಾತಾಡುವುದು ಕಡಿಮೆ, ನಾನು ನಿಲ್ಲಿಸುವುದು ಕಡಿಮೆ, ಹಾಗಾಗಿ ಹೊಂದಿಕೊಂಡು ಹೋಗುತ್ತಿತ್ತು.

ಅವರ ಮನೆ ಅದೇ ಊರಿನಲ್ಲಿ, ಶಾಲೆಯಿಂದ ಕೂಗಳತೆ. ಹೆಂಡತಿ ಇಂದ್ರಮ್ಮ ಮದುವೆಯಾದ ಮೂರೇ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ತಾಯಿ ಪಟ್ಟಲಮ್ಮ, ತಮ್ಮ ಮಹದೇವು, ತಮ್ಮನ ಹೆಂಡತಿ ಮಂಗಳಮ್ಮ, ಅವರ ಮಗಳು ಶೋಭಿತಾ. ಹೆಂಡತಿ ಹೋದ ಮೇಲೆ ಮೇಷ್ಟ್ರು ಬೌದ್ಧ ದೀಕ್ಷೆ ತೆಗೆದುಕೊಂಡರು. ಗೋಡೆಯ ಮೇಲೆ ಬುದ್ಧನ ಪಟ ಬಂತು, ದೇವರಿಗೆ ಹರಕೆ, ಕಾಣಿಕೆಯ ಕಂದಾಯ ಎಲ್ಲ ನಿಂತಿತು. ‘ಸತ್ತವರಿಗೆ ಹಸಿವಿಲ್ಲ ಮೇಡಮ್, ಇರೋರಿಗೆ ಇದೆ’ ಎನ್ನುತ್ತಿದ್ದರು. ಮಹದೇವು ಬೇರೆ ಥರದ ಆಳು. ಹತ್ತು ಹನ್ನೆರಡು ಬಂಡೂರು ಕುರಿ ಸಾಕಿಕೊಂಡು, ಅವುಗಳ ಜೊತೆಯೇ ಮಾತಾಡಿಕೊಂಡು, ಸಂಜೆ ಮನೆಗೆ ಬಂದರೆ ಮೆಟ್ಟಿಲಿಗೆ ಚಪ್ಪಲಿಯನ್ನು ಮೂರು ಸಲ ಬಡಿದು ಮಣ್ಣು ಕೊಡವಿ ಒಳಗೆ ಕಾಲಿಡುವವನು. ಅವನಿಗೆ ದೇವರೂ ಬೇಕು, ಹಿರೀಕರೂ ಬೇಕು.

ಅಪ್ಪ ನಿಂಗಯ್ಯ ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಜಗಳವಾಯಿತು. ನಮ್ಮ ಕಡೆಯ ಪಕ್ಷದ ಪದ್ಧತಿ ಗೊತ್ತಲ್ಲ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅಡಿಗೆ ಮಾಡಿ, ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆಯಿಟ್ಟು, ಮನೆಯ ಹಿರಿಯ ಗಂಡಸು ಹೆಸರು ಹಿಡಿದು ಕರೆದು, ಬಾಗಿಲು ಎಳೆದು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ನಿಲ್ಲುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಾಗಿಲು ಮುಟ್ಟುವ ಹಾಗಿಲ್ಲ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಣ್ಣ ಬೇಡವೆಂದರೂ ಮಹದೇವು ಅವತ್ತು ಅಪ್ಪನಿಗೆ ಎಡೆ ಇಟ್ಟ. ಅಣ್ಣ ಕರೆಯುವುದಿಲ್ಲವಾದ್ದರಿಂದ ತಾನೇ ಕರೆದ, ಬಾಗಿಲು ಹಾಕಿದ. ಮೇಷ್ಟ್ರು ಹೊರಗಿನಿಂದ ಬಂದವರು ಅದನ್ನು ನೋಡಿ ಸಿಟ್ಟಾಗಿ, ಬಾಗಿಲನ್ನು ದಢಾರನೆ ತಳ್ಳಿ, ಎಲೆ ಮಡಿಸಿ ತಂದು ಬೀದಿಯ ನಾಯಿಗೆ ಎಸೆದರು.

‘ಅಪ್ಪ ಕುಂತಿದ್ದ ಕಣಣ್ಣ ಒಳಗೆ,’ ಎಂದನಂತೆ ಮಹದೇವು. ‘ಉಣ್ಣೋ ಎಲೆ ಮುಂದಿಂದ ಎಬ್ಬುಸ್ಬುಟ್ಟಲ್ಲ.’

‘ಅಷ್ಟೊಂದು ಅಪ್ಪ ಬೇಕಾದ್ರೆ ಅಪ್ಪ ಇರೋ ಕಡೀಕೇ ಓಗ್ಲಾ ನೀನು!’

ತಾಯಿ, ಹೆಂಡತಿ, ಐದು ವರ್ಷದ ಮಗಳು, ಮೂವರ ಎದುರಿಗೇ ಆಡಿದ ಮಾತು. ಬೆಳಗ್ಗೆ ಎದ್ದು ನೋಡಿದರೆ ಕುರಿಗಳು ರೊಪ್ಪದಲ್ಲಿದ್ದವು, ಅವನಿರಲಿಲ್ಲ.

ನಾಲ್ಕೈದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಶಾಲೆಯ ಫೋನು ಬಡಿದುಕೊಂಡಿತು, ಎತ್ತಿದವಳು ನಾನು. ಗಡಿ ಕಡೆಯ ಯಾವುದೋ ಪೊಲೀಸ್ ಠಾಣೆ. ಕುರಿ ಹಿಂಡು ಮೇಯಿಸಿಕೊಂಡು ಬಂದಿದ್ದ ಕೂಲಿಯವನೊಬ್ಬ ಕೆರೆಯಲ್ಲಿ ಸಿಕ್ಕಿದ್ದಾನೆ, ಹೆಸರು ಸರಿಯಾಗಿ ಯಾರಿಗೂ ಗೊತ್ತಿಲ್ಲ, ಅಣ್ಣ ನಿಮ್ಮ ಶಾಲೆಯಲ್ಲಿ ಮೇಷ್ಟ್ರಂತೆ ಎಂದರು. ನಾನು ಫೋನನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ‘ಸರಿ, ಸರಿ, ಬರ್ತೀನಿ’ ಎಂದು ಎರಡು ದಿನ ರಜೆ ಬರೆದು ಹೋದರು. ಮೂರನೆಯ ದಿನ ಬಂದು ಕುರ್ಚಿಯಲ್ಲಿ ಕೂತರು.

‘ಏನಾಯ್ತು ಮೇಷ್ಟ್ರೇ?’

‘ಅವನಲ್ಲ.’

ನಾನು ‘ಅಬ್ಬ, ದೇವರು ದೊಡ್ಡವನು’ ಎಂದೆ. ಅವರ ಕೈಲಿದ್ದ ಸೀಮೆಸುಣ್ಣ ಎರಡು ತುಂಡಾಗಿದ್ದನ್ನು ನೋಡಿದ್ದೆ. ನೋಡಿಯೂ ಕೇಳಲಿಲ್ಲ. ಕೇಳುವ ಬುದ್ಧಿ ನನಗೆ ಬೇರೆ ಎಲ್ಲ ಕಡೆ ಬರುತ್ತದೆ, ಬೇಕಾದ ಕಡೆ ಬರುವುದಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಮೇಷ್ಟ್ರು ಶಾಲೆಯ ಗೇಟಿನ ಪಕ್ಕದ ಗೋಡೆಗೆ ಕರಿ ಬಣ್ಣ ಬಳಿಸಿ, ದಿನಕ್ಕೊಂದು ಇಂಗ್ಲಿಷ್ ಪದ ಬರೆಯಲು ಶುರುಮಾಡಿದರು. ಪದದ ಕೆಳಗೆ ಕನ್ನಡದಲ್ಲಿ ಮೂರು ಸಾಲು. ಒಂದನೆಯದು ಅರ್ಥ, ಎರಡನೆಯದು ಹುಟ್ಟು, ಮೂರನೆಯದು ಬಳಕೆ. ಮಕ್ಕಳು ಚೀಟಿಯಲ್ಲಿ ಪದ ಬರೆದು ಡಬ್ಬಿಗೆ ಹಾಕಬೇಕು, ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಒಂದು ಚೀಟಿ ಎತ್ತಬೇಕು, ಬಂದದ್ದನ್ನು ಬರೆಯಲೇಬೇಕು. ಬಳಕೆಯ ಸಾಲಿಗೆ ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ರಾಮ ಒಳ್ಳೆಯ ಹುಡುಗ, ಸೀತೆ ಹಾಡುತ್ತಾಳೆ, ಇಂಥದ್ದೆಲ್ಲ ಬರೆಯುವ ಹಾಗಿಲ್ಲ. ನಮ್ಮ ಊರಿನಲ್ಲಿ ನಿಜವಾಗಿ ನಡೆದಿರಬೇಕು. ‘ಸುಳ್ಳಿನಲ್ಲಿ ಕಲಿತ ಪದ ನಾಲಿಗೇಲಿ ನಿಲ್ಲಲ್ಲ’ ಎನ್ನುವರು.

ನನಗೆ ಮೊದಮೊದಲು ನಗು. ಆಮೇಲಾಮೇಲೆ ನಾನೂ ಬಸ್ಸಿಳಿದ ಕೂಡಲೇ ಗೋಡೆ ನೋಡುವಂತಾಯಿತು. ‘ವಿಂಡೋ’ ಎಂದರೆ ಮೂಲದಲ್ಲಿ ಗಾಳಿಯ ಕಣ್ಣು ಎಂದು ಅಲ್ಲೇ ಗೊತ್ತಾದದ್ದು. ಅದರ ಬಳಕೆ: ‘ನಮ್ಮ ಸ್ಟಾಫ್ ರೂಮಿನ ಕಿಟಕಿಗೆ ಗಾಜಿಲ್ಲ, ಶಶಿರೇಖಾ ಮೇಡಮ್ಮಿಗೆ ಚಳಿಯಾಗುತ್ತದೆ, ಆದರೂ ಮಾತು ನಿಲ್ಲಿಸುವುದಿಲ್ಲ.’ ‘ಮಸಲ್’ ಎಂದರೆ ಪುಟ್ಟ ಇಲಿ, ತೋಳು ಮಡಿಸಿದರೆ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುವುದಕ್ಕೆ ಆ ಹೆಸರು. ‘ಗಾಸಿಪ್’ ಎನ್ನುವುದು ಹೆರಿಗೆ ಮನೆಯಲ್ಲಿ ಬಾಣಂತಿಯ ಹತ್ತಿರ ಕೂರುತ್ತಿದ್ದ ನೆಂಟರ ಮಾತಿನಿಂದ ಬಂದದ್ದಂತೆ. ಅದರ ಬಳಕೆಯಲ್ಲಿ ಬಸ್ ಸ್ಟಾಪಿನ ಟೀ ಅಂಗಡಿ ಕೆಂಪಸಿದ್ದಯ್ಯನ ಹೆಸರು ಬಂದು, ಅವನು ಒಂದು ವಾರ ಮೇಷ್ಟ್ರಿಗೆ ಟೀ ಕೊಡಲಿಲ್ಲ. ಆದರೆ ‘ಸುಳ್ಳು ಬರ್ದವ್ರೆ’ ಎಂದು ಅವನೂ ಹೇಳಲಿಲ್ಲ. ಬಸ್ಸಿಗೆ ಕಾಯುವವರೆಲ್ಲ ‘ಮೊದಲ್ನೇದು ಬುಡ್ಲಾ, ಮೂರ್ನೇ ಸಾಲು ಏನ್ ಬರ್ದವ್ರೆ ಓದು’ ಎಂದು ಮಕ್ಕಳನ್ನು ಹಿಡಿದು ನಿಲ್ಲಿಸುತ್ತಿದ್ದರು. ಪೇಪರಿನಲ್ಲಿ ಬಂದದ್ದನ್ನು ಅನುಮಾನಿಸುವವರೂ ಆ ಸಾಲನ್ನು ಅನುಮಾನಿಸುತ್ತಿರಲಿಲ್ಲ.

ಆ ಸಾಲಿನ ಬಲು ದೊಡ್ಡ ಓದುಗಾರ್ತಿ ಮಂಗಳಮ್ಮ. ಗಂಡ ಹೋದ ಮೇಲೆ ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಅಕ್ಕಿಗೆ ಎಸರಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನ ಹತ್ತಿರ ಬಂದು, ತುಟಿ ಆಡಿಸಿಕೊಂಡು ಮೂರು ಸಾಲನ್ನೂ ಓದಿಯೇ ಒಳಗೆ ಹೋಗುವಳು. ಕುತ್ತಿಗೆಯಲ್ಲಿ ತಾಳಿ, ಹಣೆಯಲ್ಲಿ ಕುಂಕುಮ, ಪ್ರತಿ ಭಾನುವಾರ ಬಸ್ಸು. ಎಲ್ಲಿ ಯಾರು ಮಹದೇವುವನ್ನು ಕಂಡೆ ಎಂದರೂ ಹೊರಟುಬಿಡುವಳು. ಮಂಡ್ಯ ಬಸ್ ಸ್ಟ್ಯಾಂಡು, ಮಳವಳ್ಳಿ ಸಂತೆ, ಆತಗೂರಿನ ಕಡೆಯ ಆಲೆಮನೆ, ಅವಳು ನೋಡದ ಜಾಗ ಉಳಿದಿರಲಿಲ್ಲ.

ಒಂದು ಭಾನುವಾರ ಮದ್ದೂರು ರೈಲ್ವೆ ಸ್ಟೇಷನ್ನಿನ ಹತ್ತಿರ ನನಗೇ ಸಿಕ್ಕಿದಳು. ಕೈಯಲ್ಲಿ ಪ್ಲಾಸ್ಟಿಕ್ ಹಾಕಿಸಿದ ಗಂಡನ ಫೋಟೋ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಟೀ ಕುಡಿಸಿದೆ.

‘ಎಷ್ಟು ವರ್ಷ ಹೀಗೇ ತಿರುಗ್ತೀಯಾ ಮಂಗಳಾ?’ ಎಂದೆ.

‘ಏನ್ ಮಾಡ್ಲಿ ಟೀಚರ್. ಸತ್ತವ್ನೆ ಅಂತ ಯಾರಾದ್ರೂ ಒಬ್ರು ಅಂದ್ರೆ ಅತ್ತು ಸುಮ್ಕಾಗ್ಬೋದು. ಬಾವನೇ ಓಗಿ ಕಣ್ಣಾರೆ ನೋಡ್ಕಬಂದು ಅವ್ನಲ್ಲ ಅಂದವ್ರಲ್ಲ. ಅವರು ಸುಳ್ಳು ಏಳ್ತಾರಾ? ಗೋಡೆ ಮ್ಯಾಲೆ ಕೂಡ ಸುಳ್ಳು ಬರಿಯಾಕಿಲ್ಲ ಅವರು.’

ನಾನು ಹೌದು ಹೌದೆಂದು ತಲೆಯಾಡಿಸಿದೆ.

ಮೇಷ್ಟ್ರ ಮನೆಯಲ್ಲಿ ಎಡೆ ಇಡುವುದು ಮತ್ತೆ ಶುರುವಾಗಿತ್ತು. ತಾಯಿ ಇಟ್ಟರು, ಮಗ ಬೇಡವೆನ್ನಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನನ್ನೂ ಪಕ್ಷದ ಊಟಕ್ಕೆ ಕರೆದಿದ್ದರು. ನಾವು ಗೌಡರು, ಅವರ ಮನೆಯಲ್ಲಿ ಎಲೆ ಹಾಕಿಸಿಕೊಳ್ಳಲು ನನಗೆ ಅಷ್ಟು ವರ್ಷ ಬೇಕಾಯಿತು ಎನ್ನಲು ನಾಚಿಕೆಯಾಗುತ್ತದೆ, ಆದರೂ ನಿಜ. ದೀಪ ಹಚ್ಚುವ ಹೊತ್ತಿಗೆ ಎಡೆ ಸಿದ್ಧವಾಯಿತು. ಎರಡೇ ಎಲೆ, ಒಂದು ನಿಂಗಯ್ಯನಿಗೆ, ಇನ್ನೊಂದು ಇಂದ್ರಮ್ಮನಿಗೆ. ‘ಮಾದೇವುಗೆ ಇಡಂಗಿಲ್ಲ ಕಣಮ್ಮ, ಬದುಕಿರೋರ್ಗೆ ಇಟ್ರೆ ಅವರ ಆಯಸ್ಸಿಗೇ ಕೇಡು,’ ಎಂದರು ಪಟ್ಟಲಮ್ಮ. ಮೇಷ್ಟ್ರು ಗೋಡೆ ನೋಡುತ್ತಿದ್ದರು.

ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಯ ಮೇಲೆ ನಿಂತೆವು. ಮುಖ ಬಾಗಿಲ ಕಡೆಗೆ, ಬೆನ್ನು ಬೀದಿಗೆ. ಸದ್ದಿಲ್ಲ. ಆಗ ಹಿಂದೆ, ಬೀದಿಯ ಮೆಟ್ಟಿಲಿನ ಹತ್ತಿರ, ಟಪ್ ಟಪ್ ಟಪ್ ಎಂದಿತು. ಚಪ್ಪಲಿ ಬಡಿದು ಮಣ್ಣು ಕೊಡವಿದ ಹಾಗೆ. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ, ಮೆಟ್ಟಿಲು ಒಣಗಿತ್ತು. ತೆಂಗಿನ ಗರಿಯೋ ಏನೋ, ಇವತ್ತಿಗೂ ಆಣೆಯಿಟ್ಟು ಹೇಳಲಾರೆ. ಉಳಿದವರು ಯಾರೂ ತಿರುಗಲಿಲ್ಲ. ಮೇಷ್ಟ್ರು ಮಾತ್ರ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವರೇ ಕೇಳಿದರು.

‘ನಿನ್ನೆ ನಿಮಗೂ ಕೇಳಿಸ್ತಾ ಮೇಡಮ್?’

‘ಏನು? ನೀವು ದೆವ್ವ ಭೂತ ನಂಬಲ್ಲವಲ್ಲ ಮೇಷ್ಟ್ರೇ,’ ಎಂದು ನಾನು ಕಿಚಾಯಿಸಿದೆ.

‘ನಂಬಲ್ಲ,’ ಎಂದರು. ‘ಆದ್ರೆ ದಿನಾ ಸಾಯಂಕಾಲ ಕೇಳುತ್ತೆ.’

ಆದರೂ ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ. ಮೇಷ್ಟ್ರು ಸಣ್ಣಗಾಗುತ್ತಿದ್ದರು. ಸಂಜೆ ಶಾಲೆ ಬಿಟ್ಟರೂ ಮನೆಗೆ ಹೋಗದೆ ಕೆಂಪಸಿದ್ದಯ್ಯನ ಅಂಗಡಿಯಲ್ಲಿ ಕತ್ತಲಾಗುವ ತನಕ ಕೂರುತ್ತಿದ್ದರು. ಮನೆಗೆ ಹೋದರೂ ಬೀದಿಯ ಬಾಗಿಲು ಬಿಟ್ಟು ಹಿತ್ತಿಲ ಕಡೆಯಿಂದ ಹೋಗುತ್ತಿದ್ದರು.

ಹೋದ ವರ್ಷ, ಅಮಾವಾಸ್ಯೆಗೆ ಇನ್ನು ಐದು ದಿನ ಇದ್ದಾಗ, ಬೆಳಗ್ಗೆ ಪ್ರಾರ್ಥನೆ ಮುಗಿಸಿ ಮೇಷ್ಟ್ರು ಡಬ್ಬಿಗೆ ಕೈ ಹಾಕಿದರು. ಚೀಟಿ ಬಿಚ್ಚಿ ಓದಿದರು: ‘ಹಾಂಟ್.’ ಒಂಬತ್ತನೇ ತರಗತಿಯ ಸಾಲಿನಿಂದ ಶೋಭಿತಾ ಕೈ ಎತ್ತಿ, ‘ನಾನ್ ಬರ್ದಿದ್ದು ದೊಡ್ಡಪ್ಪ, ಟೀವೀಲಿ ಬಂದಿತ್ತು,’ ಎಂದು ನಕ್ಕಳು. ಮೇಷ್ಟ್ರು ನಗಲಿಲ್ಲ. ಹೋಗಿ ಪದ ಬರೆದು, ಕೆಳಗೆ ಅರ್ಥ ಬರೆದರು: ‘ಸತ್ತವರು ತಾವಿದ್ದ ಜಾಗಕ್ಕೆ ಮತ್ತೆ ಮತ್ತೆ ಬರುವುದು.’ ಹುಟ್ಟನ್ನು ನೋಡಲು ಸ್ಟಾಫ್ ರೂಮಿಗೆ ಬಂದು ತಮ್ಮ ದಪ್ಪ ಇಂಗ್ಲಿಷ್ ನಿಘಂಟು ತೆರೆದರು. ನಾನು ಎದುರಿಗೇ ಕೂತು ಹಾಜರಿ ತುಂಬುತ್ತಿದ್ದೆ. ಪುಟ ತಿರುವುವ ಸದ್ದು ನಿಂತುಹೋಯಿತು. ತಲೆ ಎತ್ತಿದರೆ ಮನುಷ್ಯನ ಮುಖದಲ್ಲಿ ರಕ್ತವೇ ಇಲ್ಲ.

‘ಏನ್ ಮೇಷ್ಟ್ರೇ, ದೆವ್ವ ಪುಸ್ತಕದಿಂದಲೇ ಬಂತಾ?’

ಅವರು ಪುಸ್ತಕ ಮುಚ್ಚಿ ಎದ್ದರು. ಮಧ್ಯಾಹ್ನ ನಾನೇ ಹೋಗಿ ಗೋಡೆ ಓದಿದೆ. ‘ಹುಟ್ಟು: ಫ್ರೆಂಚಿನಿಂದ ಬಂದದ್ದು. ಅದಕ್ಕೂ ಹಿಂದೆ ಉತ್ತರದ ಚಳಿ ದೇಶಗಳ ಹಳೆಯ ಮಾತೊಂದರಿಂದ ಬಂದಿರಬಹುದು ಎನ್ನುತ್ತಾರೆ. ಆ ಮಾತಿನ ಅರ್ಥ, ಮನೆಗೆ ಕರೆತರುವುದು. ಬೆಟ್ಟಕ್ಕೆ ಮೇಯಲು ಹೋದ ಕುರಿಗಳನ್ನು ಮನೆಗೆ ಹೊಡೆದುಕೊಂಡು ಬರುವುದು.’

ಮೂರನೆಯ ಸಾಲಿನಲ್ಲಿ ‘ಬಳಕೆ’ ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ.

ಎಂಟು ವರ್ಷದಲ್ಲಿ ಆ ಸಾಲು ಖಾಲಿ ಉಳಿದದ್ದು ಅದೇ ಮೊದಲು. ಸಂಜೆಯೂ ಖಾಲಿ. ಮಾರನೆಯ ದಿನ ಹೊಸ ಚೀಟಿ ಎತ್ತಲಿಲ್ಲ, ಹಳೆಯದನ್ನು ಅಳಿಸಲೂ ಇಲ್ಲ. ‘ನಮ್ಮೂರಲ್ಲಿ ದೆವ್ವಗಳೆಲ್ಲ ಸತ್ತೋದ್ವಾ ಮೇಷ್ಟ್ರೇ, ಬಳಕೆನೇ ಇಲ್ವಲ್ಲ!’ ಎಂದು ಕೆಂಪಸಿದ್ದಯ್ಯ ಅಂಗಡಿಯಿಂದಲೇ ಕೂಗಿದ. ಮಂಗಳಮ್ಮ ಎರಡು ದಿನವೂ ಬಂದು ನಿಂತು, ಎರಡು ಸಾಲು ಓದಿ, ಖಾಲಿ ಜಾಗವನ್ನೂ ಓದುವವಳ ಹಾಗೆ ನೋಡಿ ಹೋದಳು.

ಮೂರನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಸ್ಟಾಫ್ ರೂಮಿನ ಬಾಗಿಲು ಹಾಕಿ ಎದುರಿಗೆ ಕೂತೆ.

‘ಒಂದೋ ಬರೀರಿ, ಇಲ್ಲ ಅಳಿಸಿ. ಊರೆಲ್ಲ ಆಡಿಕೊಳ್ತಿದೆ. ಒಂದು ಸುಳ್ಳು ವಾಕ್ಯ ಬರೆದರೆ ನಿಮ್ಮ ಗಂಟೇನು ಹೋಗುತ್ತೆ?’

‘ಅವನೇ ಮೇಡಮ್,’ ಎಂದರು ಮೇಷ್ಟ್ರು.

‘ಯಾರು?’

‘ಅವತ್ತು ನಾನು ನೋಡಿದ್ದು. ಮಾದೇವನೇ. ಬಟ್ಟೆ ಸರಿಸಿ ಮುಖ ತೋರಿಸಿದ್ರು. ನೀರು ಕುಡಿದು ಊದಿಕೊಂಡಿದ್ದ. ಆದ್ರೂ ನನ್ನ ತಮ್ಮ ಗೊತ್ತಾಗಲ್ವಾ ನಂಗೆ? ಇವನೇನಾ ಅಂದ್ರು. ಹೌದು ಅಂದ್ರೆ ಅವನನ್ನ ನಾನೇ ಕಳಿಸಿದ್ದು ಅಂತ ಆಗುತ್ತಲ್ಲ. ಅಪ್ಪ ಇರೋ ಕಡೆ ಹೋಗು ಅಂದಿದ್ದೆ, ಹೋಗಿದ್ದ. ಬಾಯಿಗೆ ಬಂದಿದ್ದು ಒಂದೇ ಮಾತು, ಅವನಲ್ಲ. ಅನಾಥ ಶವ ಅಂತ ಬರ್ಕೊಂಡ್ರು. ನಾನಿದ್ದೀನಿ, ಅವ್ವ ಇದ್ದಾಳೆ, ಹೆಂಡ್ತಿ ಮಗಳು ಇದ್ದಾರೆ. ನನ್ನ ಎದುರಿಗೇ ಅನಾಥ ಅಂತ ಬರ್ಕೊಂಡ್ರು. ಸುಮ್ಮನೆ ನಿಂತಿದ್ದೆ. ಕುರಿ ಎಳೆಯಕ್ಕೆ ಇಳಿದು ಮುಳುಗಿದ್ನೋ, ತಾನಾಗೇ ಇಳಿದ್ನೋ, ಅದನ್ನೂ ಕೇಳಲಿಲ್ಲ.’

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಕೈಗೆ ಸಿಕ್ಕ ಹಾಜರಿ ಪುಸ್ತಕವನ್ನು ಮೇಜಿಗೆ ಅಪ್ಪಳಿಸಿದೆ.

‘ಥೂ ನಿಮ್ಮ! ಗೋಡೆ ಮೇಲೆ ಸತ್ಯ ಬರೆದೂ ಬರೆದೂ ಊರಿಗೆಲ್ಲ ಹರಿಶ್ಚಂದ್ರ ಆದ್ರಲ್ಲ. ಆ ಹೆಂಗಸು ಬಸ್ ಸ್ಟ್ಯಾಂಡ್ ಬಸ್ ಸ್ಟ್ಯಾಂಡ್ ಫೋಟೋ ಹಿಡ್ಕೊಂಡು ತಿರುಗ್ತಾಳೆ, ನಿಮ್ಮ ಮಾತು ನಂಬಿ ತಿರುಗ್ತಾಳೆ! ನಾಳೆಯೊಳಗೆ ನೀವು ಹೇಳ್ತೀರೋ, ನಾನು ಹೇಳ್ಲೋ?’

‘ಹೇಳಿದ್ರೆ ಅವನಿಗೆ ಎಡೆ ಇಡಬೇಕಾಗುತ್ತೆ.’ ಅವರ ದನಿ ತೀರಾ ಇಳಿದುಹೋಗಿತ್ತು. ‘ಎಡೆ ಇಟ್ರೆ ಮನೆಗೆ ಹಿರಿಯ ನಾನು, ನಾನೇ ಹೆಸರು ಹಿಡಿದು ಕರೀಬೇಕು. ಒಂಬತ್ತು ವರ್ಷದಿಂದ ಬಂದು ಬಂದು ಬಾಗಿಲಲ್ಲಿ ನಿಲ್ತಾನೆ ಮೇಡಮ್. ಕರೆದೋರಿಲ್ಲ ಅಂತ ನಿಲ್ತಾನೆ. ಹೋಗು ಅಂದ ಬಾಯಲ್ಲಿ ಏನಂತ ಕರೀಲಿ?’

ನಾನು ಹಾಕಿದ್ದ ಬಾಗಿಲನ್ನು ತೆಗೆದು ತರಗತಿಗೆ ಹೋದೆ.

ಮಾರನೆಯ ದಿನ ನಾನು ಬಸ್ಸಿಳಿಯುವಾಗ ಮೇಷ್ಟ್ರು ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದರು. ಅಂಗಡಿಯಲ್ಲಿ ಕೂತಿದ್ದವರು ಎದ್ದು ಬಂದರು, ಮಕ್ಕಳು ಗುಂಪುಗಟ್ಟಿದರು. ಅವರ ಅಕ್ಷರ ಯಾವಾಗಲೂ ಮುತ್ತು ಜೋಡಿಸಿದ ಹಾಗೆ. ಅವತ್ತೂ ಒಂದು ಒತ್ತು ಓರೆಯಾಗಲಿಲ್ಲ. ‘ಬಳಕೆ: ನನ್ನ ತಮ್ಮ ಮಹದೇವು ಸತ್ತು ಒಂಬತ್ತು ವರ್ಷವಾಯಿತು. ನೋಡಿ ಗುರುತಿಸಿಯೂ ನಾನು ಅವನಲ್ಲ ಎಂದೆ. ಅಂದಿನಿಂದ ಅವನು ನಮ್ಮ ಮನೆಗೆ ಬರುತ್ತಲೇ ಇದ್ದಾನೆ.’

ಶೋಭಿತಾ ಓದಿದಳು. ಓದಿ, ಬ್ಯಾಗು ಅಲ್ಲೇ ಬಿಸಾಕಿ ಅಡುಗೆ ಕೋಣೆಯ ಕಡೆಗೆ ಓಡಿದಳು. ಮಂಗಳಮ್ಮ ಸೌಟು ಹಿಡಿದುಕೊಂಡೇ ಬಂದಳು. ತುಟಿ ಆಡಿಸಿಕೊಂಡು, ಅಕ್ಷರ ಅಕ್ಷರವಾಗಿ, ಮೊದಲ ಸಾಲಿನಿಂದ ಓದಿದಳು. ಕೊನೆಯ ಮಾತಿಗೆ ಬಂದು, ಮತ್ತೆ ಮೊದಲಿನಿಂದ ಓದಿದಳು.

‘ಬಾವ, ಇದು ದಿಟ್ವಾ?’

‘ದಿಟ ಕಣವ್ವ.’

‘ಅವತ್ತು ನೀವು ನೋಡಿದ್ದು...’

‘ಅವ್ನೇ.’

ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ‘ಅನ್ನ ತಳ ಹಿಡೀತದೆ’ ಎಂದು ಒಳಗೆ ಹೋದಳು. ನೂರಾ ನಲವತ್ತು ಮಕ್ಕಳಿಗೆ ತಾನೇ ಬಡಿಸಿದಳು, ಸೌಟನ್ನು ಬೇರೆಯವರ ಕೈಗೆ ಕೊಡಲಿಲ್ಲ. ಕೊನೆಯ ಮಗು ತಟ್ಟೆ ತೊಳೆದು ಹೋದ ಮೇಲೆ ಒಲೆಯ ಪಕ್ಕ ಕುಸಿದು ಕೂತು ಅತ್ತಳಲ್ಲ, ಆ ಅಳು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ನಾನು ಅವಳ ಪಕ್ಕ ನೆಲದ ಮೇಲೆ ಕೂತು ನಾನೂ ಅತ್ತೆ. ಫೋನು ಎತ್ತಿದ ಕೈ ನನ್ನದು ಎನ್ನುವುದು ತಲೆಯಿಂದ ಹೋಗಲಿಲ್ಲ. ಮನೆಯಲ್ಲಿ ಪಟ್ಟಲಮ್ಮ ‘ಒಂದ್ ಇಡಿ ಮಣ್ಣೂ ಆಕ್ಲಿಲ್ವಲ್ಲಪ್ಪ ನನ್ ಮಗೀಗೆ’ ಎಂದು ಬೀದಿಯಲ್ಲೇ ಉರುಳಾಡಿದರಂತೆ.

ಅಮಾವಾಸ್ಯೆಗೆ ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೋದೆ. ಆ ವರ್ಷ ಮೂರು ಎಲೆ. ಮೂರನೆಯದರ ಮುಂದೆ ಹೊಸ ಪಂಚೆ, ಬೀಡಿ ಕಟ್ಟು, ತಲೆಮಾಂಸದ ಸಾರು, ಮುದ್ದೆ, ಕಜ್ಜಾಯ. ಮಂಗಳಮ್ಮನ ಹಣೆ ಬರಿದಾಗಿತ್ತು. ಧೂಪ ಹಾಕಿ ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅಪ್ಪನನ್ನು ಕರೆದರು, ಹೆಂಡತಿಯನ್ನು ಕರೆದರು. ಆಮೇಲೆ ಮೂರನೆಯ ಎಲೆಯ ಮುಂದೆ ಬಂದು ನಿಂತರು. ಗೋಡೆ ಹಿಡಿದುಕೊಂಡು ಎರಡು ಸಲ ಉಸಿರೆಳೆದುಕೊಂಡರು.

‘ಮಾದೇವ,’ ಎಂದರು. ‘ತಪ್ಪಾಯ್ತು ಕಣ್ಲಾ. ಬಾರ್ಲಾ ಒಳಕ್ಕೆ. ಉಣ್ಣು ಬಾ.’

ಆಚೆ ಬಂದು ಬಾಗಿಲು ಮುಂದೆ ಮಾಡಿಕೊಂಡೆವು. ಜಗುಲಿಯ ಮೇಲೆ ನಿಂತೆವು. ನನ್ನ ಕಿವಿಯೆಲ್ಲ ಬೆನ್ನಿನ ಕಡೆಗೇ ಇತ್ತು. ಏನೂ ಕೇಳಿಸಲಿಲ್ಲ. ಬೀದಿ ಬೀದಿಯ ಹಾಗೇ ಇತ್ತು, ಯಾರದೋ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಪಟ್ಟಲಮ್ಮ ಕೆಮ್ಮಿ, ಬಾಗಿಲು ತಟ್ಟಿ ತೆಗೆದರು. ಒಬ್ಬೊಬ್ಬರಾಗಿ ಒಳಗೆ ಹೋದೆವು. ಮೇಷ್ಟ್ರು ಕೊನೆಯವರು. ಅವರು ಕಾಲು ಎತ್ತಿದಾಗ ಮಂಗಳಮ್ಮ ಹೊಸಲಿನ ಒಳಗೆ ಅಡ್ಡ ನಿಂತಳು.

‘ನೀವು ಆಚೆ ಇರಿ ಬಾವ,’ ಎಂದಳು. ‘ಒಂಬತ್ ವರ್ಷ ಅವ್ರು ನಿಂತಿದ್ರು. ಈಗ ನೀವು ನಿಂತ್ಕಳಿ.’

ಪಟ್ಟಲಮ್ಮ ಎಲೆಗಳ ಕಡೆಗೆ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಎತ್ತಿದ ಕಾಲನ್ನು ಹಿಂದಕ್ಕಿಟ್ಟರು.

ಈ ಜೂನ್‌ಗೆ ಅವರು ನಿವೃತ್ತರಾದರು. ಶಾಲೆಯ ಗೋಡೆಗೆ ಈಗ ಸುಣ್ಣ ಬಳಿದಿದ್ದಾರೆ. ಆ ಅಮಾವಾಸ್ಯೆಯಿಂದಲೂ ಮೇಷ್ಟ್ರು ಇರುವುದು ಜಗುಲಿಯ ಮೇಲೆ. ಒಂದು ಚಾಪೆ, ಒಂದು ದಿಂಬು, ಆ ದಪ್ಪ ನಿಘಂಟು. ಸ್ನಾನಕ್ಕೆ ಸುತ್ತಿ ಬಳಸಿ ಹಿತ್ತಿಲ ಬಚ್ಚಲಿಗೆ ಹೋಗುತ್ತಾರೆ. ಸಂಜೆಯ ಹೊತ್ತು ಏನಾದರೂ ಕೇಳಿಸುತ್ತದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದರು. ‘ಒಳಗೆ ಹೋದ ಮೇಲೆ ಯಾಕೆ ಬರ್ತಾನೆ’ ಎಂದರು.

ಮೊನ್ನೆ ಹೋಗಿದ್ದಾಗ ನನಗೆ ತಡೆಯಲಾಗದೆ ಮಂಗಳಮ್ಮನನ್ನು ಪಕ್ಕಕ್ಕೆ ಕರೆದು ಗದರಿದೆ. ‘ಸಾಕು ಬಿಡೇ. ವಯಸ್ಸಾಗಿದೆ ಅವರಿಗೆ. ಮತ್ತೆ ಚಳಿಗಾಲ ಬರ್ತಾ ಇದೆ.’

‘ನಾನೇನ್ ತಡ್ದಿದ್ದೀನಾ ಟೀಚರ್?’ ಎಂದಳು. ‘ಆವತ್ತೊಂದಿನ ನಿಂತ್ಕಳಿ ಅಂದೆ. ಆಮ್ಯಾಲೆ ನಾನ್ ಒಂದು ಮಾತೂ ಆಡಿಲ್ಲ. ಬಾಗ್ಲು ತೆಗ್ದೇ ಅದೆ, ನೋಡಿ.’

ನಿಜ, ಬಾಗಿಲು ತೆರೆದೇ ಇತ್ತು. ಹೋಗಿ ಮೇಷ್ಟ್ರನ್ನು ಕೇಳಿದೆ. ‘ಬಾಗಿಲು ತೆಗೆದಿದೆ, ಹೋಗಬಾರದಾ ಒಳಗೆ? ಯಾರು ಹಿಡಿದುಕೊಂಡಿದ್ದಾರೆ ನಿಮ್ಮನ್ನ?’

ಅವರು ತೆರೆದ ಬಾಗಿಲನ್ನು ನೋಡಿದರು. ಒಳಗೆ ಮಂಗಳಮ್ಮ ಮುದ್ದೆ ಕಟ್ಟುತ್ತಿದ್ದಳು.

‘ಕರೀದೆ ಎಂಗ್ ಓಗ್ಲಿ ಮೇಡಮ್?’ ಎಂದರು.

ಸ್ವಲ್ಪ ಹೊತ್ತಿಗೆ ಮಂಗಳಮ್ಮ ತಟ್ಟೆ ತಂದಳು. ಹೊಸಲಿನ ಒಳಗೇ ನಿಂತು, ಬಗ್ಗಿ, ತಟ್ಟೆಯನ್ನು ಜಗುಲಿಯ ಮೇಲಿಟ್ಟಳು. ಉಣ್ಣಿ ಎನ್ನಲಿಲ್ಲ. ಪಕ್ಕಕ್ಕೆ ನೀರಿನ ಚೊಂಬು ಇಟ್ಟು ಒಳಗೆ ಹೋದಳು.